ಕಿಡಿ ಎಲ್ಲಿ ನಿಂತಿತು? – ಬೈಕಿನ ಕರೆಂಟು ರಿಪೇರಿಯ ಚರಿತ್ರೆ

ನಮ್ಮ ಹೊಸೂರು ಎಂದಕೂಡಲೇ ಬೆಂಗಳೂರಿನವರಿಗೆ ನೆನಪಾಗುವುದು ಎರಡೇ. ಒಂದು ಗುಲಾಬಿ ಹೂವು, ಇನ್ನೊಂದು ಟಿವಿಎಸ್ ಗಾಡಿ. ತಳಿ, ಡೆಂಕಣಿಕೋಟೆ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮನೆಮಾತು ಎಂಬುದು ಮೂರನೆಯದು, ಅದೂ ನಾವೇ ನೆನಪಿಸಿದರೆ! ಇರಲಿ, ಇವತ್ತು ಭಾಷೆಯ ಅಳಲು ಬೇಡ. ಗಾಡಿಯ ಮಾತನ್ನೇ ಆಡೋಣ.

ಚರಿತ್ರೆ ಎಂದರೆ ರಾಜರು, ಯುದ್ಧಗಳು, ಇಸವಿಗಳು ಎಂದು ನಾವು ಬಿ.ಎ. ತರಗತಿಯಲ್ಲಿ ಓದಿದ್ದೇವೆ, ಓದಿದ್ದನ್ನೇ ಮಕ್ಕಳಿಗೆ ಹೇಳುತ್ತಲೂ ಬಂದಿದ್ದೇವೆ. ಆದರೆ ಮನೆಯಂಗಳದಲ್ಲಿ ಗೋಣಿಚೀಲ ಹಾಸಿ, ಸ್ಪ್ಯಾನರುಗಳನ್ನು ಹರಡಿಕೊಂಡು ಗಾಡಿ ಬಿಚ್ಚುವುದಕ್ಕೂ ಒಂದು ಚರಿತ್ರೆ ಇದೆ. ಅಲ್ಲಿಯೂ ಅಧಿಕಾರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ಕಥೆ ಇದೆ. ಗಾಡಿ ದಾರಿಯಲ್ಲಿ ನಿಂತಾಗ "ಯಾಕೆ ನಿಂತಿತು?" ಎಂದು ಕಂಡುಹಿಡಿಯುವ ಶಕ್ತಿ ಮೊದಲು ಓಡಿಸುವವನ ಕೈಯಲ್ಲಿತ್ತು. ಆಮೇಲೆ ಮೆಕ್ಯಾನಿಕನ ಕೈಗೆ ಹೋಯಿತು. ಈಗ ಕಂಪನಿಯ ಯಂತ್ರದೊಳಗೆ ಸೇರಿಕೊಳ್ಳುತ್ತಿದೆ. ಪೂರ್ತಿ ಸೇರಿಕೊಂಡಿಲ್ಲ, ಒಂದಷ್ಟು ಇನ್ನೂ ನಮ್ಮ ಅಂಗಳದಲ್ಲೇ ಉಳಿದಿದೆ. ಅದು ಎಷ್ಟು, ಎಲ್ಲಿ ಎಂದು ನೋಡುವುದೇ ಈ ಬರಹ.

ಪೆಟ್ರೋಲ್ ಎಂಜಿನ್ನಿಗೆ ಬೇಕಾದದ್ದು ಗಾಳಿ ಬೆರೆತ ಪೆಟ್ರೋಲು, ಒತ್ತಡ, ಸರಿಯಾದ ಹೊತ್ತಿಗೆ ಒಂದು ಕಿಡಿ. ಮೊದಲ ಎರಡನ್ನು ಹೇಗೋ ಸಾಧಿಸಿದವರಿಗೆ ಮೂರನೆಯದೇ ತಲೆನೋವಾಗಿತ್ತು. ಜರ್ಮನಿಯ ರಾಬರ್ಟ್ ಬಾಷ್ 1887ರಲ್ಲಿ ನಿಂತಲ್ಲೇ ಓಡುವ ಎಂಜಿನ್ನಿಗೆ ಮ್ಯಾಗ್ನೆಟೋ ಮಾಡಿಕೊಟ್ಟರು. 1897ರಲ್ಲಿ ಅದನ್ನು ಮೂರು ಚಕ್ರದ ಮೋಟಾರು ಗಾಡಿಗೆ ಅಳವಡಿಸಿದರು. 1902ರಲ್ಲಿ ಅವರ ಎಂಜಿನಿಯರ್ ಗಾಟ್‌ಲೋಬ್ ಹೊನೋಲ್ಡ್ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ಗನ್ನು ರೂಪಿಸಿದರು. ಅಯಸ್ಕಾಂತ ತಿರುಗುತ್ತದೆ, ಪಕ್ಕದ ತಂತಿಯ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ, ಬ್ಯಾಟರಿಯೇ ಬೇಡ! ಅಂದಹಾಗೆ, ಅದೇ ಬಾಷ್ ಕಂಪನಿಯ ಭಾರತದ ಕುಡಿ 1951ರಲ್ಲಿ ಸ್ಥಾಪನೆಯಾದ ನಮ್ಮ ಪಕ್ಕದ ಬೆಂಗಳೂರಿನ ಮೈಕೋ. ಆಡುಗೋಡಿಯ ಮೈಕೋ ಎಂದರೆ ಹಳಬರಿಗೆಲ್ಲ ಗೊತ್ತು. ನಮ್ಮ ಕಡೆ ಪ್ಲಗ್ ಕೇಳುವವರು "ಒಂದು ಮೈಕೋ ಕೊಡಿ" ಎಂದೇ ಕೇಳುತ್ತಿದ್ದ ಕಾಲವೊಂದಿತ್ತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾಯಿತು, ಮೈಕೋ ಲೇಔಟ್ ಮಾತ್ರ ಹಾಗೇ ಉಳಿಯಿತು.

ಈಗ ನಮ್ಮ ನೆಲಕ್ಕೆ ಬರೋಣ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಗಿ ಬುಲೆಟ್ ಬಂತು. 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಗಾಡಿ ಹೊರತಂದಿತು. 1973ರಲ್ಲಿ ಅದರ ಹೆಸರು ಯೆಜ್ಡಿ ಎಂದಾಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. 1972ರಲ್ಲಿ ಪುಣೆಯಿಂದ ಲೂನಾ ಬಂತು. 1980ರಲ್ಲಿ ನಮ್ಮ ಹೊಸೂರಿನಿಂದಲೇ ಟಿವಿಎಸ್ 50, ಇಬ್ಬರು ಕೂರಬಹುದಾದ ದೇಶದ ಮೊದಲ ಮೊಪೆಡ್. ಹಿಂದೆ ಒಬ್ಬರು ಕೂರುವ ಸೀಟಿನಲ್ಲಿ ಹುಲ್ಲಿನ ಹೊರೆ, ಹಾಲಿನ ಕ್ಯಾನು, ಟೊಮೆಟೊ ಪೆಟ್ಟಿಗೆ ಎಲ್ಲ ಕೂತವು ಅನ್ನುವುದು ಬೇರೆ ಮಾತು.

ಈ ಗಾಡಿಗಳ ಕರೆಂಟಿನ ಹೃದಯ ಪಾಯಿಂಟ್. ಈಗಿನ ಹುಡುಗರಿಗೆ ಇದನ್ನು ವಿವರಿಸಿಯೇ ಹೇಳಬೇಕು. ಪಾಯಿಂಟ್ ಎಂದರೆ ಎದುರುಬದುರಾಗಿ ಕೂತ ಎರಡು ಪುಟ್ಟ ಲೋಹದ ಬಿಲ್ಲೆಗಳು. ಮುಚ್ಚಿದಾಗ ಕಾಯಿಲಿನಲ್ಲಿ ಕರೆಂಟು ಹರಿಯುತ್ತದೆ. ಎಂಜಿನ್ ತಿರುಗಿ ಕ್ಯಾಮಿನ ಉಬ್ಬು ಬಂದು ತಾಗಿದಾಗ ಬಿಲ್ಲೆಗಳು ಬಿಡುತ್ತವೆ, ಕರೆಂಟು ತಟ್ಟನೆ ನಿಲ್ಲುತ್ತದೆ. ಹಾಗೆ ನಿಂತದ್ದರಿಂದಲೇ ಕಾಯಿಲಿನ ಎರಡನೇ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್ಗಿನ ತುದಿಯಲ್ಲಿ ಹಾರುತ್ತದೆ. ಹರಿಯುವಾಗ ಅಲ್ಲ, ನಿಲ್ಲುವಾಗ ಕಿಡಿ! ಮಕ್ಕಳಿಗೆ ಇದನ್ನು ಹೇಳಿದಾಗ ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಾರೆ. ಬಿಲ್ಲೆಗಳು ಬಿಡುವಾಗ ಅಲ್ಲೇ ಕಿಡಿ ಹಾರಿ ಸುಟ್ಟುಹೋಗದಂತೆ ಪಕ್ಕದಲ್ಲಿ ಬೆರಳ ತುದಿಯಷ್ಟು ಒಂದು ಡಬ್ಬಿ ಇರುತ್ತಿತ್ತು, ಅದೇ ಕಂಡೆನ್ಸರ್.

ಬೆಳಗಿನ ಇಬ್ಬನಿಗೆ ಗಾಡಿ ಸ್ಟಾರ್ಟ್ ಆಗಲಿಲ್ಲ ಅನ್ನಿ. ಆಗ ಮಾಡುತ್ತಿದ್ದ ಕ್ರಮ ಊರೂರಿಗೂ ಒಂದೇ. ಪ್ಲಗ್ ಬಿಚ್ಚು, ಕ್ಯಾಪಿಗೆ ಸಿಕ್ಕಿಸಿ ಎಂಜಿನ್ನಿನ ಲೋಹಕ್ಕೆ ತಾಗಿಸಿ ಇಡು, ಯಾರಿಗಾದರೂ ಕಿಕ್ ಹೊಡೆಯಲು ಹೇಳು. ನೀಲಿ ಬಣ್ಣದ ದಪ್ಪ ಕಿಡಿ ಚಟ್ ಎಂದರೆ ಕರೆಂಟು ಸರಿಯಿದೆ, ಪೆಟ್ರೋಲಿನ ಕಡೆ ನೋಡು. ಹಳದಿಗೆ ತಿರುಗಿದ ಸಣಕಲು ಕಿಡಿಯಾದರೆ ಪಾಯಿಂಟ್, ಕಂಡೆನ್ಸರ್, ಕಾಯಿಲು ಈ ಮೂರರಲ್ಲಿ ಒಂದು. ಏನೂ ಇಲ್ಲದಿದ್ದರೆ ಪಾಯಿಂಟಿನ ಮುಚ್ಚಳ ತೆಗೆ. ಬಿಲ್ಲೆಗಳ ಮೇಲೆ ಮಸಿ ಇದ್ದರೆ ಉಪ್ಪುಕಾಗದದ ಸಣ್ಣ ಚೂರನ್ನು ನಡುವೆ ತೂರಿಸಿ ಎರಡು ಸಲ ಎಳೆ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸು. ಬಿಲ್ಲೆಗಳು ಪೂರ್ತಿ ತೆರೆದಾಗ ನಡುವೆ 0.3ರಿಂದ 0.4 ಮಿಲಿಮೀಟರ್ ಜಾಗ ಇರಬೇಕು. ಅಳೆಯಲು ಫಿಲ್ಲರ್ ಗೇಜ್ ಎಂಬ ಸಾಧನವಿತ್ತು, ಆದರೆ ಹಳ್ಳಿಯಲ್ಲಿ ಅದು ಯಾರ ಬಳಿ ಇತ್ತು? ವಿಸಿಟಿಂಗ್ ಕಾರ್ಡೇ ಗೇಜು! ಪ್ಲಗ್ಗಿನ ಗ್ಯಾಪಿಗೆ ಹ್ಯಾಕ್ಸಾ ಬ್ಲೇಡು. ಬ್ಲೇಡಿನ ದಪ್ಪ ಸುಮಾರು 0.6 ಮಿಲಿಮೀಟರ್, ಪ್ಲಗ್ಗಿಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಇದನ್ನು ಮೊದಲು ಹೊಂದಿಸಿ ನೋಡಿದ ಮಹಾನುಭಾವ ಯಾರೋ, ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಕಂಡೆನ್ಸರ್ ಕೆಟ್ಟರೆ ಅದನ್ನು ಪರೀಕ್ಷಿಸಲು ಮೀಟರೂ ಬೇಕಿರಲಿಲ್ಲ. ಮುಚ್ಚಳ ತೆಗೆದು ಎಂಜಿನ್ ತಿರುಗಿಸಿದರೆ ಪಾಯಿಂಟಿನಲ್ಲೇ ಚಟಪಟ ಕಿಡಿ ಕಾಣುತ್ತಿತ್ತು. "ಕಿಡಿ ಇಲ್ಲೇ ಹೊಡೀತಾ ಐತೆ, ಕಂಡೆನ್ಸರ್ ಹೋಗೈತೆ ಮೇಷ್ಟ್ರೇ" ಎಂದು ಮೆಕ್ಯಾನಿಕ್ ಅಣ್ಣ ಕೂತಲ್ಲಿಂದಲೇ ಹೇಳಿಬಿಡುತ್ತಿದ್ದ. ರೋಗ ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ಹತ್ತುತ್ತಿತ್ತು (ಸುಟ್ಟ ಕಾಯಿಲಿನ ವಾಸನೆ ಒಮ್ಮೆ ಮೂಸಿದವರು ಮರೆಯಲಾರರು), ಬೆರಳಿಗೆ ಬಿಸಿಯಾಗುತ್ತಿತ್ತು. ಕೆಲವೊಮ್ಮೆ ಕೈಗೆ ಹೊಡೆದೂ ತಿಳಿಸುತ್ತಿತ್ತು!

ಬುಲೆಟ್ಟಿನವರಿಗೆ ಇನ್ನೊಂದು ಭಾಗ್ಯವಿತ್ತು. ಹೆಡ್‌ಲೈಟಿನ ತಲೆಯ ಮೇಲೆ ಅಮೀಟರಿನ ಪುಟ್ಟ ಮುಳ್ಳು. ನಡುವೆ ಸೊನ್ನೆ, ಬಲಕ್ಕೆ ವಾಲಿದರೆ ಬ್ಯಾಟರಿಗೆ ಕರೆಂಟು ಹೋಗುತ್ತಿದೆ, ಎಡಕ್ಕೆ ವಾಲಿದರೆ ಬ್ಯಾಟರಿಯಿಂದ ಖರ್ಚಾಗುತ್ತಿದೆ. ಬ್ರೇಕ್ ಒತ್ತಿದಾಗ ಮುಳ್ಳು ಎಡಕ್ಕೆ ಕುಣಿದರೆ ಹಿಂದಿನ ದೀಪ ಹತ್ತಿತು ಎಂದು ಇಳಿದು ನೋಡದೆಯೇ ಗೊತ್ತಾಗುತ್ತಿತ್ತು. ವೇಗವಾಗಿ ಹೋಗುತ್ತಿದ್ದರೂ ಮುಳ್ಳು ಬಲಕ್ಕೆ ಬಾರದಿದ್ದರೆ ಚಾರ್ಜಿಂಗ್ ಇಲ್ಲ, ಕತ್ತಲಾಗುವ ಮೊದಲು ಮನೆ ಸೇರಿಕೋ ಎಂದರ್ಥ. ಮನೆಯ ಜಮಾಖರ್ಚಿನ ಪುಸ್ತಕ ಕಣ್ಣೆದುರೇ ತೆರೆದಿಟ್ಟಂತೆ. ಗಾಡಿಯ ಕರೆಂಟಿನ ಬಗ್ಗೆ ಓಡಿಸುವವನಿಗೆ ಇಷ್ಟು ನೇರವಾಗಿ ಲೆಕ್ಕ ಕೊಟ್ಟ ಸಾಧನ ಅದಕ್ಕಿಂತ ಮುಂದೆ ಬರಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ಹೊಗಳಲು ನಾವು ಸಿದ್ಧರಿಲ್ಲ. ಆ ಕಾಲದ ಬಹುಪಾಲು ಗಾಡಿಗಳು 6 ವೋಲ್ಟಿನವು, ಅವುಗಳ ಹೆಡ್‌ಲೈಟಿನ ಬೆಳಕಿನಲ್ಲಿ ಅಂಚೆಟ್ಟಿಯ ಕಾಡುದಾರಿಯಲ್ಲಿ ಬಂದವರನ್ನು ಕೇಳಿ ನೋಡಿ. ಇದಕ್ಕೆ ಕಾರಣ ಹತ್ತನೇ ತರಗತಿಯ ಓಮ್ ನಿಯಮದಲ್ಲೇ ಇದೆ. 35 ವಾಟ್ ಬಲ್ಬು 6 ವೋಲ್ಟಿನಲ್ಲಿ ಸುಮಾರು 5.8 ಆಂಪಿಯರ್ ಎಳೆಯುತ್ತದೆ, 12 ವೋಲ್ಟಿನಲ್ಲಿ ಸುಮಾರು 2.9. ಸ್ವಿಚ್ಚಿನಲ್ಲಿ, ತುಕ್ಕು ಹಿಡಿದ ಅರ್ಥ್ ಬೋಲ್ಟಿನಲ್ಲಿ ಎಲ್ಲ ಸೇರಿ ಬರೀ 0.2 ಓಮ್ ತಡೆ ಇದೆ ಎಂದಿಟ್ಟುಕೊಳ್ಳಿ. 6 ವೋಲ್ಟಿನ ಗಾಡಿಯಲ್ಲಿ ಅಲ್ಲೇ 1.2 ವೋಲ್ಟ್ ಹತ್ತಿರ ಸೋರಿಹೋಗುತ್ತದೆ, ಐದರಲ್ಲೊಂದು ಪಾಲು! 12 ವೋಲ್ಟಿನ ಗಾಡಿಯಲ್ಲಿ ಹೋಗುವುದು 0.6 ವೋಲ್ಟ್, ಇಪ್ಪತ್ತರಲ್ಲೊಂದು ಪಾಲು. ಬಲ್ಬಿನ ಬೆಳಕು ವೋಲ್ಟ್ ಕುಗ್ಗಿದ್ದಕ್ಕಿಂತಲೂ ಬೇಗ ಕುಗ್ಗುತ್ತದೆ. ಆದ್ದರಿಂದ ಆಗಿನ ಎಷ್ಟೋ "ಡೈನಮೋ ವೀಕ್" ಎಂಬ ರೋಗಗಳಿಗೆ ಮದ್ದು ಅರ್ಥ್ ಬೋಲ್ಟನ್ನು ಕೆರೆದು ಬಿಗಿ ಮಾಡುವುದರಲ್ಲೇ ಇತ್ತು.

ಬ್ಯಾಟರಿಯೇ ಇಲ್ಲದ ಮೊಪೆಡ್ಡುಗಳದು ಇನ್ನೊಂದು ಕಥೆ. ಆಕ್ಸಿಲರೇಟರ್ ತಿರುಗಿಸಿದಷ್ಟು ಬೆಳಕು, ಬಿಟ್ಟರೆ ಮಿಣುಕು. ಹೆಡ್‌ಲೈಟಿನ ಬಲ್ಬು ಸುಟ್ಟರೆ ಸ್ವಲ್ಪ ಹೊತ್ತಿನಲ್ಲಿ ಹಿಂದಿನ ಬಲ್ಬೂ ಹೋಗುತ್ತಿತ್ತು. ದೊಡ್ಡ ಬಲ್ಬು ಕುಡಿಯುತ್ತಿದ್ದ ಕರೆಂಟಿಗೆ ಬೇರೆ ದಾರಿಯಿಲ್ಲದೆ ವೋಲ್ಟ್ ಏರಿ ಚಿಕ್ಕದನ್ನು ಸುಡುತ್ತಿತ್ತು. ಎರಡು ಬಲ್ಬು ಒಟ್ಟಿಗೆ ಹೋದವಲ್ಲ, ಇದು ಯಾರದೋ ಕಣ್ಣು ಬಿದ್ದದ್ದು ಎಂದು ನಿಂಬೆಹಣ್ಣು ಕಟ್ಟಿದವರೂ ಉಂಟು!

ಎಂಬತ್ತರ ದಶಕದಲ್ಲಿ ಜಪಾನಿನವರು ಬಂದರು. 1984ರಲ್ಲಿ ನಮ್ಮ ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100 ಮತ್ತು ಯಮಹಾ ಆರ್‌ಎಕ್ಸ್ 100. ಆ ತಲೆಮಾರಿನ ಬೈಕುಗಳೊಂದಿಗೆ ಸಿಡಿಐ ಎಂಬ ಕಪ್ಪು ಡಬ್ಬಿ ಮನೆಮನೆಗೆ ಬಂತು. ಹೊರದೇಶದಲ್ಲಿ ಇದು ಹೊಸದೇನಲ್ಲ, 1969ರ ಕವಾಸಕಿ 500ರಲ್ಲೇ ಇತ್ತು. ಪಾಯಿಂಟ್ ಮಾಡುತ್ತಿದ್ದ ಕೆಲಸವನ್ನು ಇದರಲ್ಲಿ ಯಾವುದೂ ಒಂದನ್ನೊಂದು ತಾಗದೆ ಮಾಡುತ್ತದೆ. ಒಂದು ಕೆಪಾಸಿಟರ್ ನೂರಾರು ವೋಲ್ಟ್ ತುಂಬಿಕೊಂಡು ಕಾಯುತ್ತದೆ, ಅಯಸ್ಕಾಂತ ಪಲ್ಸರ್ ಕಾಯಿಲಿನ ಮುಂದೆ ಹಾದುಹೋದಾಗ "ಈಗ ಬಿಡು" ಎಂಬ ಸೂಚನೆ ಬರುತ್ತದೆ, ತುಂಬಿದ್ದೆಲ್ಲ ಒಮ್ಮೆಲೇ ಕಾಯಿಲಿಗೆ ಸುರಿಯುತ್ತದೆ. ಉಜ್ಜುವುದಿಲ್ಲ, ಸವೆಯುವುದಿಲ್ಲ, ಮಳೆಗೆ ಮುನಿಯುವುದಿಲ್ಲ. ವರ್ಷಗಟ್ಟಲೆ ಮುಚ್ಚಳ ತೆಗೆಯುವ ಪ್ರಮೇಯವೇ ಇಲ್ಲ. ಬೆಳಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್! ಜನ ಕಣ್ಣಿಗೊತ್ತಿಕೊಂಡರು, ಒತ್ತಿಕೊಳ್ಳಬೇಕಾದದ್ದೇ.

ಆದರೆ ಆ ಡಬ್ಬಿಯೊಳಗೆ ಅಂಟು ಸುರಿದು ಗಟ್ಟಿ ಮಾಡಿರುತ್ತಾರೆ. ಬಿಚ್ಚುವಂತಿಲ್ಲ, ನೋಡುವಂತಿಲ್ಲ. ಕೆಟ್ಟಿದೆಯೇ ಎಂದು ತಿಳಿಯುವ ಒಂದೇ ಉಪಾಯ, ಇನ್ನೊಂದು ಡಬ್ಬಿ ಹಾಕಿ ನೋಡುವುದು. ನಮ್ಮ ಪ್ರಕಾರ ಮನೆ ರಿಪೇರಿಯ ಚರಿತ್ರೆಯಲ್ಲಿ ದೊಡ್ಡ ತಿರುವು ಇದೇ, ಕಂಪ್ಯೂಟರ್ ಅಲ್ಲ. ಅಲ್ಲಿಯವರೆಗೆ ಕಾರಣ ಹುಡುಕಿ ಆಮೇಲೆ ಸಾಮಾನು ತರುತ್ತಿದ್ದೆವು. ಸಿಡಿಐ ಬಂದ ಮೇಲೆ ಸಾಮಾನು ಹಾಕಿ ಆಮೇಲೆ ಕಾರಣ ತಿಳಿಯುವ ಕಾಲ ಬಂತು. ಅಂಗಳದಲ್ಲಿ ಕೂತವನ ಬಳಿ ಇನ್ನೊಂದು ಡಬ್ಬಿ ಎಲ್ಲಿಂದ ಬರಬೇಕು? ಪಕ್ಕದ ಮನೆಯ ಮಾವನ ಬೈಕಿನಿಂದ ಬಿಚ್ಚಿ ತರಬೇಕು, ಇಲ್ಲವೇ ಬೆಂಗಳೂರಿನ ಜೆ.ಸಿ. ರಸ್ತೆಗೆ ಬಸ್ಸು ಹತ್ತಬೇಕು. ಹತ್ತು ಡಬ್ಬಿ ಇಟ್ಟುಕೊಂಡ ಗ್ಯಾರೇಜಿನವನು ಸಹಜವಾಗಿಯೇ ದೊಡ್ಡವನಾದ.

ಬುಲೆಟ್ಟಿನ ಹಳೆಯ ಮಾದರಿಗಳು ಮಾತ್ರ 2000ದ ದಶಕದಲ್ಲೂ ಪಾಯಿಂಟನ್ನು ಬಿಡದೆ ಇಟ್ಟುಕೊಂಡಿದ್ದವು. 2009ರಲ್ಲಿ ಅದೇ ಕಂಪನಿ ಕ್ಲಾಸಿಕ್ 500 ತಂದಾಗ ಅದರಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಅದನ್ನು ಆಳುವ ಕಂಪ್ಯೂಟರ್ ಎಲ್ಲ ಇತ್ತು. ಅಮೀಟರಿನ ಮುಳ್ಳು ಹೋಯಿತು, ಎಂಜಿನ್ ಚಿತ್ರದ ಎಚ್ಚರಿಕೆ ದೀಪ ಬಂತು. ಅದಕ್ಕೂ ಮೊದಲೇ 2006ರಲ್ಲಿ ಹೀರೋ ಹೋಂಡಾ ಗ್ಲಾಮರ್ ಎಫ್‌ಐ, 2007ರಲ್ಲಿ ಬಜಾಜ್ ಪಲ್ಸರ್ 220 ಈ ದಾರಿ ಹಿಡಿದಿದ್ದವು.

ಈ ಸೆನ್ಸರುಗಳ ಗೊಡವೆ ಯಾಕೆ ಬಂತು ಎಂದು ಕೇಳುವವರಿದ್ದಾರೆ. ಹೊಗೆಯಿಂದ ಬಂತು. ಸೈಲೆನ್ಸರಿನಲ್ಲಿ ವಿಷದ ಅನಿಲಗಳನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ (ತೂಕದ ಲೆಕ್ಕ) ಎಂಬ ಪ್ರಮಾಣ ತಪ್ಪಬಾರದು. ಬೆಟ್ಟ ಹತ್ತುವಾಗ, ಇಳಿಯುವಾಗ, ಚಳಿಯಲ್ಲಿ, ಬಿಸಿಲಿನಲ್ಲಿ ಈ ಪ್ರಮಾಣವನ್ನು ಕಾರ್ಬುರೇಟರ್ ಕಾಯಲಾರದು. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಮೂಸಿ ಹೇಳುವ ಲ್ಯಾಂಬ್ಡಾ ಸೆನ್ಸರನ್ನು ಬಾಷ್ ಕಂಪನಿಯೇ 1976ರಲ್ಲಿ ವೋಲ್ವೋ ಕಾರಿಗೆ ಕೊಟ್ಟಿತು. ಬೈಕುಗಳಲ್ಲಿ 1982ರ ಹೋಂಡಾ ಸಿಎಕ್ಸ್ 500 ಟರ್ಬೋ ಕಂಪ್ಯೂಟರ್ ಹೊತ್ತು ಬಂತು. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದಾಗ ಹೆಚ್ಚುಕಡಿಮೆ ಎಲ್ಲ ಬೈಕುಗಳಿಗೂ ಇದು ತಪ್ಪದಾಯಿತು. ನಮ್ಮೂರಿನ ಕಾರ್ಖಾನೆಯ ಎಕ್ಸ್‌ಎಲ್ 100 ಮೊಪೆಡ್ಡಿಗೂ ಇಂಜೆಕ್ಷನ್ ಬಂತು. ಹುಲ್ಲಿನ ಹೊರೆಯ ಕೆಳಗೆ ಒಂದು ಕಂಪ್ಯೂಟರು!

ಹೊಸ ಗಾಡಿಯ ವಿಶೇಷವೆಂದರೆ ಅದು ತನ್ನ ರೋಗವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಸಿಡಿಐ ಡಬ್ಬಿ ಮೂಕ, ಇದು ಮೂಕವಲ್ಲ. ಹೋಂಡಾ ಪದ್ಧತಿಯಲ್ಲಿ ಎಚ್ಚರಿಕೆ ದೀಪ ಮಿನುಗಿ ಸಂಖ್ಯೆ ಹೇಳುತ್ತದೆ. ಉದ್ದದ ಮಿನುಗು ಹತ್ತು, ಗಿಡ್ಡದ್ದು ಒಂದು. ಎಂಟು ಗಿಡ್ಡ ಮಿನುಗು ಎಂದರೆ ಥ್ರಾಟಲ್ ಸೆನ್ಸರ್, ಎರಡು ಉದ್ದ ಒಂದು ಗಿಡ್ಡ ಎಂದರೆ 21, ಆಮ್ಲಜನಕದ ಸೆನ್ಸರ್. ಹಿಂದೆ ಅಂಚೆ ಕಚೇರಿಯಲ್ಲಿ ತಂತಿ ಸಂದೇಶ ಕಟಕಟ ಎಂದು ಬರುತ್ತಿದ್ದಂತೆ! ಬಿಎಸ್-6 ಬಂದ ಮೇಲೆ ಸಂಕೇತಗಳು ಪಿ ಅಕ್ಷರದಿಂದ ಶುರುವಾಗುವ ಐದು ಸ್ಥಾನದವು. ಮೊದಲ ಹಂತದಲ್ಲಿ ತಂತಿ ಕಡಿದಿದೆಯೇ, ಶಾರ್ಟ್ ಆಗಿದೆಯೇ ಎಂಬುದನ್ನೇ ಹೆಚ್ಚಾಗಿ ನೋಡುತ್ತಿದ್ದವು. 2023 ಮತ್ತು 2025ರ ಏಪ್ರಿಲಿನಲ್ಲಿ ಎರಡು ಕಂತಿನಲ್ಲಿ ಬಂದ ಎರಡನೇ ಹಂತದ ನಿಯಮದಿಂದ ಭಾಗಗಳು ತಮ್ಮ ಕೆಲಸ ಸರಿಯಾಗಿ ಮಾಡುತ್ತಿವೆಯೇ ಎಂಬುದನ್ನೂ ನೋಡತೊಡಗಿದವು.

ಇಲ್ಲಿ ಎಚ್ಚರವಾಗಿರಬೇಕಾದ ವಿಷಯ ಒಂದಿದೆ. ಸಂಕೇತ ಹೇಳುವುದು ರೋಗ ಯಾವ ಬೀದಿಯಲ್ಲಿದೆ ಎಂದು, ಯಾವ ಮನೆಯಲ್ಲಿದೆ ಎಂದಲ್ಲ. "ಸೆನ್ಸರ್ ಕೋಡ್ ಬಂದಿದೆ, ಸೆನ್ಸರ್ ಬದಲಿಸಿ" ಎಂದು ಸಾವಿರಾರು ರೂಪಾಯಿ ಬಿಲ್ ಮಾಡುವುದನ್ನು ನಾವೆಲ್ಲ ಕಂಡಿದ್ದೇವೆ. ಎಷ್ಟೋ ಸಲ ಸೆನ್ಸರ್ ಸರಿಯಾಗಿಯೇ ಇರುತ್ತದೆ, ಕನೆಕ್ಟರಿನಲ್ಲಿ ನೀರು ಸೇರಿ ಹಸಿರು ಕಿಲುಬು ಕಟ್ಟಿರುತ್ತದೆ. ಇಲ್ಲವೇ ಹ್ಯಾಂಡಲ್ ತಿರುಗುವ ಕತ್ತಿನ ಬಳಿ ತಂತಿ ಬಗ್ಗಿ ಬಗ್ಗಿ ಒಳಗೇ ತುಂಡಾಗಿರುತ್ತದೆ. ಇಲ್ಲವೇ ಸೀಟಿನ ಕೆಳಗೆ ಇಲಿ ಕಡಿದಿರುತ್ತದೆ. ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ!

ಆದ್ದರಿಂದ ಕ್ರಮ ಹಳೆಯದೇ: ಕರೆಂಟು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ? ಸಾಧನ ಮಾತ್ರ ಹೊಸದು. ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಸಾಕು. ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ತಂತಿ ಕಟ್ಟಿದ ಟೆಸ್ಟ್ ಲ್ಯಾಂಪು ಪಾಯಿಂಟ್ ಕಾಲದಲ್ಲಿ ನಮ್ಮ ಆಪದ್ಬಾಂಧವ. ಅದನ್ನೇ ಇಂದು ಸೆನ್ಸರಿನ ತಂತಿಗೆ ಚುಚ್ಚಿದರೆ ಅದು ಎಳೆಯುವ ಕರೆಂಟಿಗೆ ಕಂಪ್ಯೂಟರೇ ಕೆಡಬಹುದು. ಹಾರ್ನು, ದೀಪಕ್ಕೆ ಬಳಸಿ, ಸೆನ್ಸರಿನ ಹತ್ತಿರ ತರಬೇಡಿ.

ಮೊದಲು ಬ್ಯಾಟರಿ. ರಾತ್ರಿಯಿಡೀ ಸುಮ್ಮನಿದ್ದ ಒಳ್ಳೆಯ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. 12ಕ್ಕೆ ಬಂದಿದ್ದರೆ ಅದು ಹಸಿದಿದೆ. ಸೆಲ್ಫ್ ಒತ್ತಿದಾಗ 10ರ ಕೆಳಗೆ ಕುಸಿಯುತ್ತಿದ್ದರೆ ಬ್ಯಾಟರಿ ಮುದಿಯಾಗಿದೆ ಎಂದೇ ಅನುಮಾನಿಸಿ. ಎಂಜಿನ್ ಚೆನ್ನಾಗಿ ಓಡುವಾಗ 13.5ರಿಂದ 14.5ರ ನಡುವೆ ಇರಬೇಕು. ಏರದೆ 12ರಲ್ಲೇ ನಿಂತರೆ ಚಾರ್ಜಿಂಗ್ ಇಲ್ಲ, 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಇದನ್ನು ಮೊದಲೇ ನೋಡಬೇಕು ಯಾಕೆಂದರೆ ಬ್ಯಾಟರಿ ಸೊರಗಿದಾಗ ಕಂಪ್ಯೂಟರಿಗೆ ಜ್ವರ ಬಂದಂತಾಗಿ ಇಲ್ಲದ ರೋಗಗಳನ್ನೆಲ್ಲ ಹೇಳುತ್ತದೆ, ಎಬಿಎಸ್ ದೀಪ ಕೂಡ ಸುಮ್ಮಸುಮ್ಮನೆ ಹತ್ತಬಹುದು. ಆಮೇಲೆ ಫ್ಯೂಸು, ಅರ್ಥ್. ಫ್ಯೂಸು ಹೋಗಿದ್ದರೆ ಅದೇ ಆಂಪಿಯರಿನದು ಹಾಕಿ, ಸಿಗರೇಟು ಪೊಟ್ಟಣದ ಬೆಳ್ಳಿಕಾಗದ ಸುತ್ತುವ ಹಳೆಯ ಜಾಣತನ ಬೇಡ. ವೈರಿಂಗ್ ಪೂರ್ತಿ ಸುಟ್ಟ ಗಾಡಿಗಳನ್ನು ನಮ್ಮ ಊರಲ್ಲೇ ನೋಡಿದ್ದೇವೆ.

ಗಾಡಿ ಬಿದ್ದು ಎತ್ತಿದ ಮೇಲೆ ಸ್ಟಾರ್ಟ್ ಆಗದಿದ್ದರೆ ಗಾಬರಿ ಬೇಡ. ವಾಲಿದ್ದನ್ನು ತಿಳಿಯುವ ಸೆನ್ಸರ್ ಎಂಜಿನ್ ನಿಲ್ಲಿಸಿರುತ್ತದೆ, ಕೀ ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಸರಿಹೋಗುತ್ತದೆ. ಗೇರಿಗೆ ಹಾಕಿದ ಕೂಡಲೇ ಆಫ್ ಆಗುವ ಗಾಡಿಯಲ್ಲಿ ಸೈಡ್ ಸ್ಟ್ಯಾಂಡಿನ ಸ್ವಿಚ್ಚಿಗೆ ಕೆಸರು ಮೆತ್ತಿದೆಯೇ ನೋಡಿ.

ಇನ್ನು ಸೆನ್ಸರನ್ನೇ ಪರೀಕ್ಷಿಸುವ ಒಂದು ಚೆಂದದ ವಿಧಾನ ಹೇಳಬೇಕು, ಇದನ್ನು ನಾವು ತರಗತಿಯಲ್ಲೂ ಮಾಡಿ ತೋರಿಸಿದ್ದೇವೆ. ನೀರಿನಿಂದ ತಂಪಾಗುವ ಎಂಜಿನ್ನುಗಳಲ್ಲಿ ಶಾಖ ಅಳೆಯುವ ಸೆನ್ಸರ್ ಇರುತ್ತದೆ. ಬಿಸಿಯಾದಷ್ಟೂ ಅದರ ತಡೆ ಕಡಿಮೆಯಾಗುತ್ತದೆ. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಎರಡು ಎರಡೂವರೆ ಸಾವಿರ ಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು. ಬಿಚ್ಚಿ ತಂದು ಲೋಟದ ನೀರಿನಲ್ಲಿ ಅದರ ತುದಿ ಮುಳುಗಿಸಿ, ಬಿಸಿನೀರು ಸುರಿಯುತ್ತ ಹೋದರೆ ಮೀಟರಿನ ಅಂಕಿ ಇಳಿಯುತ್ತ ಬರುವುದನ್ನು ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಅಂಕಿ ಕದಲದಿದ್ದರೆ ಸೆನ್ಸರ್ ಸತ್ತಿದೆ.

ಬಿಚ್ಚದೆಯೂ ತಿಳಿಯಬಹುದು. ಕಂಪ್ಯೂಟರ್ ಈ ಸೆನ್ಸರಿನ ತಂತಿಗೆ 5 ವೋಲ್ಟ್ ಕೊಟ್ಟು, ಎಷ್ಟು ಉಳಿಯಿತು ಎಂದು ನೋಡುತ್ತದೆ. ತಂತಿ ಕಡಿದಿದ್ದರೆ ಐದೂ ಉಳಿಯುತ್ತದೆ, ಆಗ ಪಿ0118, ಅಂದರೆ "ಹೆಚ್ಚು". ತಂತಿ ಅರ್ಥ್‌ಗೆ ತಾಗಿದ್ದರೆ ಏನೂ ಉಳಿಯುವುದಿಲ್ಲ, ಆಗ ಪಿ0117, "ಕಡಿಮೆ". ಈಗ ಯೋಚಿಸಿ. ಗಾಡಿ ಪಿ0117 ಹೇಳುತ್ತಿದೆ. ಸೆನ್ಸರಿನ ಕನೆಕ್ಟರ್ ಕಿತ್ತು, ಕೋಡ್ ಅಳಿಸಿ, ಮತ್ತೆ ಕೀ ಆನ್ ಮಾಡಿ. ಈಗ ಪಿ0118 ಬಂದರೆ ತಂತಿಯೂ ಕಂಪ್ಯೂಟರೂ ಸರಿಯಿವೆ, ಸೆನ್ಸರೇ ಒಳಗೆ ಶಾರ್ಟ್ ಆಗಿದೆ. ಕಿತ್ತ ಮೇಲೂ ಪಿ0117 ಬಂದರೆ ಸೆನ್ಸರ್ ನಿರಪರಾಧಿ, ತಂತಿಯ ದಾರಿಯಲ್ಲಿ ಹುಡುಕಿ. ಸಾಮಾನು ತರುವ ಮೊದಲೇ ಕಾರಣ ತಿಳಿಯಿತು! ಸಿಡಿಐ ಡಬ್ಬಿ ನಮ್ಮಿಂದ ಕಿತ್ತುಕೊಂಡಿದ್ದನ್ನು ಇದು ತಿರುಗಿ ಕೊಟ್ಟಿದೆ ಎನ್ನಬಹುದು. ಥ್ರಾಟಲ್ ಸೆನ್ಸರಿಗೂ ಹೀಗೆಯೇ. ಮೂರು ತಂತಿಯಲ್ಲಿ ಒಂದು 5 ವೋಲ್ಟ್, ಒಂದು ಅರ್ಥ್, ನಡುವಿನದು ಅರ್ಧ ಮುಕ್ಕಾಲು ವೋಲ್ಟಿನಿಂದ ನಾಲ್ಕು ವೋಲ್ಟಿನವರೆಗೆ ಜರ್ಕ್ ಇಲ್ಲದೆ ಏರಬೇಕು. ಆಕ್ಸಿಲರೇಟರ್ ನಿಧಾನವಾಗಿ ತಿರುಗಿಸುವಾಗ ನಡುವೆಲ್ಲೋ ಅಂಕಿ ತಟಕ್ಕನೆ ಬಿದ್ದು ಎದ್ದರೆ ಅಲ್ಲಿ ಒಳಗೆ ಸವೆದಿದೆ.

ಆದರೆ ಕೋಡ್ ಓದುವುದು, ಅಳಿಸುವುದು ಹೇಗೆ? ಜಗಳವಿರುವುದು ಇಲ್ಲೇ. ಅನೇಕ ಬಿಎಸ್-6 ಬೈಕುಗಳಲ್ಲಿ ಸೀಟಿನ ಕೆಳಗೆ ಆರು ಪಿನ್ನಿನ ಕೆಂಪು ಕನೆಕ್ಟರ್ ಇರುತ್ತದೆ. ಅದಕ್ಕೆ ಹೊಂದುವ ಅಡಾಪ್ಟರ್, ಮೊಬೈಲಿಗೆ ಬ್ಲೂಟೂತಿನಲ್ಲಿ ಮಾತಾಡುವ ಸಣ್ಣ ಸ್ಕ್ಯಾನರ್ ಎರಡೂ ಅಂಗಡಿಯಲ್ಲಿ ಸಿಗುತ್ತವೆ. ಎಂಜಿನ್ನಿನ ಸಾಮಾನ್ಯ ಕೋಡುಗಳನ್ನು ಹಲವು ಗಾಡಿಗಳು ಅದಕ್ಕೆ ಹೇಳುತ್ತವೆ. ಎಬಿಎಸ್‌ನದು, ಕಂಪನಿಯದೇ ವಿಶೇಷ ಕೋಡುಗಳು ಮಾತ್ರ ಹೆಚ್ಚಾಗಿ ಶೋರೂಮಿನ ಯಂತ್ರಕ್ಕಷ್ಟೇ ಬಾಯಿಬಿಡುತ್ತವೆ. ರೋಗವನ್ನು ಗಾಡಿ ಬರೆದಿಟ್ಟಿದೆ, ಗಾಡಿ ನಮ್ಮದು, ಬೀಗದ ಕೈ ಮಾತ್ರ ಇನ್ನೊಬ್ಬರದು! ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ಮೊಬೈಲ್, ಮನೆಬಳಕೆಯ ವಸ್ತುಗಳ ಜೊತೆ ವಾಹನಗಳನ್ನೂ ಸೇರಿಸಿದೆ. ಪೋರ್ಟಲ್ ಒಳ್ಳೆಯದೇ. ಆದರೆ ಅದು ಕಾನೂನಲ್ಲ, ಕಂಪನಿ ಕೊಟ್ಟಷ್ಟು ಮಾಹಿತಿ ನಮಗೆ ಸಿಗುತ್ತದೆ.

ಇದರಲ್ಲಿ ನಮಗೇನು ಎಂದು ಕೇಳಬಹುದು. ನಮ್ಮ ಕನ್ನಡ ಶಾಲೆಯಲ್ಲಿ ಹತ್ತು ಮುಗಿಸಿದ ಹುಡುಗರಲ್ಲಿ ಕೆಲವರು ಪ್ರತಿವರ್ಷ ಗ್ಯಾರೇಜಿಗೆ ಹೋಗಿ ಕೂರುತ್ತಾರೆ. ಪಾಯಿಂಟಿನ ಕಾಲದ ವಿದ್ಯೆಗೆ ಓದು ಬೇಕಿರಲಿಲ್ಲ. ಮೆಕ್ಯಾನಿಕ್ ಅಣ್ಣ ಕನ್ನಡ, ತಮಿಳು, ತೆಲುಗು ಮೂರೂ ಕಲಸಿ ಬೈಯುತ್ತ ಕಲಿಸುತ್ತಿದ್ದ, ಕಣ್ಣು ಮೂಗುಗಳೇ ಪುಸ್ತಕ. ಸ್ಕ್ಯಾನರಿನ ಪರದೆ ಬರೀ ಇಂಗ್ಲಿಷ್. ಓದಲಾಗದ ಹುಡುಗ ಅಲ್ಲಿ ಬೋಲ್ಟ್ ಬಿಚ್ಚುವವನಾಗಿಯೇ ಉಳಿಯುತ್ತಾನೆ, ಓದಬಲ್ಲವನು ರೋಗ ಹೇಳುವವನಾಗುತ್ತಾನೆ, ಸಂಬಳದ ಅಂತರವೂ ಅದಕ್ಕೆ ತಕ್ಕಂತೆ. ಪಿ0122 ಎಂಬುದಕ್ಕೆ ಭಾಷೆಯಿಲ್ಲ, ಅದು ಬರೀ ಸಂಖ್ಯೆ. ಪಕ್ಕದಲ್ಲಿ "ಥ್ರಾಟಲ್ ಸೆನ್ಸರ್, ವೋಲ್ಟ್ ಕಡಿಮೆ, 5 ವೋಲ್ಟ್ ಬರುತ್ತಿದೆಯೇ ನೋಡು" ಎಂದು ಕನ್ನಡದಲ್ಲಿ ಬರೆದಿಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಹಾಗೆ ಬರೆಯಲು ಶುರುಮಾಡಿದ್ದೇವೆ. ಹತ್ತನೇ ತರಗತಿಯ ಹುಡುಗರು ಚಾರ್ಟ್ ಕಾಗದದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಪಟ್ಟಿ ಮಾಡುತ್ತಿದ್ದಾರೆ. ಪಿ0335 ಕ್ರ್ಯಾಂಕ್ ಸೆನ್ಸರ್, ಪಿ0562 ಬ್ಯಾಟರಿ ವೋಲ್ಟ್ ಕಡಿಮೆ, ಪಿ0131 ಆಮ್ಲಜನಕದ ಸೆನ್ಸರಿನ ವೋಲ್ಟ್ ಕಡಿಮೆ... ಹೀಗೆ. ಈ ಕೊನೆಯದರ ಹೆಸರು ಉದ್ದವಾಯಿತು, ಚಾರ್ಟಿನಲ್ಲಿ ಹಿಡಿಸುವುದಿಲ್ಲ ಎಂದು ಹುಡುಗರೇ ಅದನ್ನು "ಹೊಗೆ ಮೂಗು" ಎಂದು ಬದಲಿಸಿದ್ದಾರೆ. ನಿಮ್ಮ ಕಡೆಯ ಗ್ಯಾರೇಜುಗಳಲ್ಲಿ ಇವಕ್ಕೆಲ್ಲ ಏನೆನ್ನುತ್ತಾರೆ? ಗೊತ್ತಿದ್ದವರು ತಿಳಿಸಿ, ಚಾರ್ಟಿನಲ್ಲಿ ಇನ್ನೂ ಜಾಗವಿದೆ.